ಚಿಕ್ಕಪ್ಪನ ಪಾಲಿನ ಹಲ್ಲು

ಚಿಕ್ಕಪ್ಪನ ತಿಥಿ ಊಟ ಮುಗಿದ ಮೇಲೆ ಅವನ ಮಗ ರಂಗ ಒಂದು ಗೊಬ್ಬರದ ಚೀಲ ಹೊತ್ತುಕೊಂಡು ನಮ್ಮನೆಗೆ ಬಂದು ಜಗಲಿ ಮೇಲೆ ದೊಪ್ಪನೆ ಇಟ್ಟ. ಚೀಲದೊಳಗೆ ಮರ ಕುಯ್ಯುವ ಮೆಷಿನ್ನಿತ್ತು. ಚಿಕ್ಕಪ್ಪ ತಲೆ ನರೆತ ಮೇಲೆ ಕೊಂಡ ಮೆಷಿನ್ನು ಅದು. ಅದರಲ್ಲಿ ಅವನು ಕುಯ್ಯದ ಜಾಲಿ ಇಲ್ಲ, ಹುಣಸೆ ಇಲ್ಲ. ಕೆಂಪು ಬಣ್ಣವೆಲ್ಲ ಹೋಗಿ ಮೈತುಂಬ ಎಣ್ಣೆ ಜಿಡ್ಡು, ಜಿಡ್ಡಿನ ಮೇಲೆ ಮರದ ಹೊಟ್ಟು ಕೂತು ಗಟ್ಟಿಯಾಗಿ, ಕೊಟ್ಟಿಗೆಯಲ್ಲಿ ಮಲಗಿದ್ದ ಎಮ್ಮೆ ಎದ್ದು ಬಂದ ಹಾಗಿತ್ತು.

"ಅಪ್ಪ ಇದನ್ನ ಗಂಗಕ್ಕಂಗೇ ಕೊಡು ಅಂತ ಹೇಳಿತ್ತು ಕಣಕ್ಕ. ನಾನೇನ್ ಮಾಡ್ಲಿ? ಸ್ಟಾರ್ಟೂ ಆಗಲ್ಲ, ಸ್ಟಾರ್ಟ್ ಆದ್ರೂ ಓರೆ ಕುಯ್ತದೆ."

ಎದುರು ಮನೆಯವಳು ಕಸ ಗುಡಿಸೋದು ಬಿಟ್ಟು ನಿಂತಳು.

"ಈ ವಯಸ್ಸಲ್ಲಿ ಯಾವ್ ಕಾಡು ಕಡಿಯಾಕೆ ಹೊಂಟೆ ಗಂಗಕ್ಕಾ?"

"ನಿನ್ ನಾಲಿಗೆ ಉದ್ದ ಆಗೈತಲ್ಲ, ಮೊದ್ಲು ಅದನ್ನ" ಅಂದೆ. ಅವಳು ಒಳಗೆ ಹೋದಳು.

ಬಸ್‌ಸ್ಟ್ಯಾಂಡ್ ಹತ್ತಿರ ಔಷಧಿ ಹೊಡೆಯೋ ಮೆಷಿನ್ನು ರಿಪೇರಿ ಮಾಡುವವನೊಬ್ಬ ಇದ್ದಾನೆ. ರಂಗನ ಕೈಲಿ ಅಲ್ಲಿಗೆ ಹೊರಿಸಿದೆ. ಹಳೇ ಪೆಟ್ರೋಲು ಒಳಗೇ ನಿಂತು ಅಂಟಾಗಿತ್ತಂತೆ. ಕಾರ್ಬೊರೇಟರ್ ಬಿಚ್ಚಿ ತೊಳೆದ, ಪ್ಲಗ್ಗು ಬದಲಾಯಿಸಿದ, ದಾರ ಎಳೆದ. ಅದು ಕೆಮ್ಮಿತು, ಉಗುಳಿತು, ಆಮೇಲೆ ಓಡಿತು. ಚೈನು ಮಾತ್ರ ಬಿಸಾಕಿ ಹೊಸದು ಹಾಕಮ್ಮ ಅಂದ. ಚೈನಿಗೆ ಕೈ ಹಾಕಬೇಡ ಅಂತ ಹೇಳಿ ಬಿಚ್ಚಿಸಿಕೊಂಡು ಬಂದೆ. ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೇ ಬ್ರಷ್ಷಿನಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು ನೋಡಿದೆ. ಚೈನಿನ ಹಲ್ಲು ಒಂದು ಎಡಕ್ಕೆ ಮುಖ ಮಾಡಿದರೆ ಮುಂದಿನದು ಬಲಕ್ಕೆ ಮಾಡುತ್ತೆ. ಎಡದ ಹಲ್ಲುಗಳೆಲ್ಲ ಚೂಪಾಗಿ ಮಿರಮಿರ ಅಂತಿದ್ದವು, ಚೂಪು ಮಾಡೋಕೆ ಅರದಲ್ಲಿ ಉಜ್ಜಿ ಉಜ್ಜಿ ಸವೆದು ಚಿಕ್ಕವಾಗಿದ್ದವು. ಬಲದವು ನನ್ನ ವಸಡಿನ ಹಾಗೆ ಮೊಂಡು. ಹಂಗಿದ್ದ ಮೇಲೆ ಓರೆ ಕುಯ್ಯದೆ ಇನ್ನೇನು ಮಾಡೀತು? ಚೈನು ತೊಡೆ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ಕೂತೆ. ಯಾಕೆ ಕೂತೆ ಅಂತ ಹೇಳಬೇಕಾದರೆ ನಮ್ಮಪ್ಪನ ಮನೆಗೆ ಹೋಗಬೇಕು.

ಆ ಮನೆ ಕೊಡಿಗೇನಹಳ್ಳಿಯಿಂದ ಒಂದು ಕೂಗಳತೆ ಆಚೆ, ಹೊಳೆ ಕಡೆ ಇತ್ತು. ಮಾಳಿಗೆಗೆ ಕಲ್ಲು ಚಪ್ಪಡಿ ಹಾಸಿದ ಮನೆ. ಬೇಸಿಗೆಯಲ್ಲಿ ಮಧ್ಯಾಹ್ನ ಒಳಗೆ ಕೂತರೆ ಕಾದ ಹೆಂಚಿನ ಕೆಳಗೆ ಕೂತ ಹಾಗೆ. ನಡುಮನೆಯ ಗೋಡೆಗೆ ಎರಡು ಗೂಟ ಹೊಡೆದು ಅದರ ಮೇಲೆ ಗರಗಸ ನೇತುಹಾಕಿದ್ದರು. ನಮ್ಮ ತಾತನ ಕಾಲದ್ದು. ಆಳುದ್ದಕ್ಕಿಂತ ಉದ್ದ, ಮೇಲೊಂದು ಹಿಡಿ, ಕೆಳಗೊಂದು ಹಿಡಿ. ನಮ್ಮಪ್ಪ, ಚಿಕ್ಕಪ್ಪ ಇಬ್ಬರೂ ಅದರಲ್ಲೇ ಊರೂರಿನ ಮರ ಕುಯ್ದು ಹಲಗೆ ಮಾಡಿಕೊಡೋರು. ದಿಮ್ಮಿಯನ್ನ ಅಡ್ಡಡ್ಡ ಕಟ್ಟಿದ ಕಂಬಗಳ ಕತ್ತರಿಗಾಲಿನ ಮೇಲೆ ಎತ್ತಿ ಕಟ್ಟೋರು. ಅಪ್ಪ ದಿಮ್ಮಿ ಮೇಲೆ ನಿಲ್ಲೋನು, ಚಿಕ್ಕಪ್ಪ ಕೆಳಗೆ ನೆಲದಲ್ಲಿ ಕೂರೋನು. ಮೇಲಿನವನು ಕೆಂಪು ಬಣ್ಣದಲ್ಲಿ ಅದ್ದಿದ ದಾರ ಮಿಡಿದು ಹಾಕಿದ ಗೆರೆ ನೋಡಿಕೊಂಡು ಗರಗಸ ನಡೆಸಬೇಕು. ಕೆಳಗಿನವನು ಎಳೀಬೇಕು. ಬೀಳೋ ಹೊಟ್ಟೆಲ್ಲ ಕೆಳಗಿನವನ ತಲೆ, ಕಣ್ಣು, ಬಾಯಿ ಮೇಲೆ. ಮೇಲಿನವನಿಗೆ ಗಾಳಿ, ಹೆಸರು ಎರಡೂ. ಯಾರಾದರೂ ಕೆಲಸಕ್ಕೆ ಕರೆಯೋಕೆ ಬಂದರೆ ಅಪ್ಪನ ಹೆಸರು ಹಿಡಿದೇ ಕೂಗೋರು. ಚಿಕ್ಕಪ್ಪನಿಗೂ ಹೆಸರಿದೆ ಅಂತ ನನಗೆ ಗೊತ್ತಾಗಿದ್ದು ಅವನ ಮದುವೆಯಲ್ಲಿ.

ಗರಗಸಕ್ಕೆ ನಮ್ಮನೆಯಲ್ಲಿ ಎಳೇ ಮಗುವಿನ ಆರೈಕೆ. ಕೆಲಸದಿಂದ ಬಂದ ತಕ್ಷಣ ಅವರು ಕೈಕಾಲು ತೊಳೆಯೋರಲ್ಲ, ಮೊದಲು ಗರಗಸ ಒರೆಸೋರು. ಮರದ ಅಂಟು ಹಿಡಿದಿದ್ದರೆ ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ಹೊಂಗೆ ಎಣ್ಣೆ ಸವರೋರು. ನೆಲದ ಮೇಲೆ ಇಡೋ ಹಾಗಿಲ್ಲ, ದಾಟೋ ಹಾಗಿಲ್ಲ. ಹೆಂಗಸರು ಅದಕ್ಕೆ ಅರ ಹಾಕಿದರೆ ಹಲ್ಲು ಉದುರುತ್ತೆ ಅಂತ ಒಂದು ಮಾತಿತ್ತು. ಯಾವ ಹೆಂಗಸು ಹಾಕಿ ನೋಡಿದ್ದಳೋ ಕಾಣೆ. ಹೊಸ ಮರ ಕುಯ್ದ ದಿನ ಮೊದಲು ಬಿದ್ದ ಹೊಟ್ಟನ್ನ ಟವಲಿನಲ್ಲಿ ಕಟ್ಟಿ ತರೋರು. ಅದನ್ನ ಅವ್ವ ಒಲೆಗೆ ಹಾಕಬೇಕು. ಆಮೇಲೆ ಮುದ್ದೆಗೆ ಎಸರು. ಹಲ್ಲು ಚೂಪು ಮಾಡೋದಕ್ಕೂ ಒಂದು ಕ್ರಮ ಇತ್ತು. ಗರಗಸದ ಹಲ್ಲು ಒಂದು ಆ ಕಡೆ ಬಾಗಿದ್ದರೆ ಮುಂದಿನದು ಈ ಕಡೆ ಬಾಗಿರುತ್ತೆ. ಸೀಳಿದ ತೊಲೆಯ ಸಂದಿಯಲ್ಲಿ ಗರಗಸ ಸಿಕ್ಕಿಸಿ, ಅಣ್ಣ ಆ ಕಡೆ, ತಮ್ಮ ಈ ಕಡೆ ಕೂತು, ಬಲದ ಹಲ್ಲು ಅಪ್ಪ, ಎಡದ ಹಲ್ಲು ಚಿಕ್ಕಪ್ಪ ಅರೆಯೋರು. ಕಿರ್ ಅಂತ ಇವನು, ಕಿರ್ ಅಂತ ಅವನು. ನಾನು ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿರುತ್ತಿದ್ದೆ. ಇಸ್ಕೂಲಿಗೆ ಹೋಗಿದ್ದು ಕಮ್ಮಿ, ಅಲ್ಲಿ ಕೂತಿದ್ದೇ ಜಾಸ್ತಿ.

ಜಗಳ ಸೊಸೆಯಂದಿರಿಂದ ಬರುತ್ತೆ ಅಂತ ಊರು ಕಾಯ್ತಿತ್ತು. ಅವ್ವ ಪಾವಗಡದ ಕಡೆ ರಾಯಚರ್ಲಿನವಳು, ಅರ್ಧ ತೆಲುಗು ಮಾತಾಡೋಳು. ಚಿಕ್ಕಮ್ಮ ಶಿರಾ ಕಡೆಯವಳು. ಇಬ್ಬರೂ ಒಬ್ಬರ ಮಾತು ಒಬ್ಬರು ಆಡಿ ತೋರಿಸಿ ನಗೋರೇ ಹೊರತು ಜಗಳ ಆಡಲಿಲ್ಲ. ಜಗಳ ಬಂದಿದ್ದು ಗಂಡಸರಿಂದ. ಒಂದು ದಿನ ಉಣ್ಣೋಕೆ ಕೂತಾಗ ಚಿಕ್ಕಪ್ಪ ತಟ್ಟೆ ನೋಡಿಕೊಂಡೇ ಕೇಳಿದ.

"ಅಣ್ಣ, ನಾಳೆ ಒಂದಿನ ನಾನು ಮೇಲೆ ನಿಂತ್ಕತೀನಿ."

"ಯಾಕ್ಲಾ?"

"ಯಾಕೂ ಇಲ್ಲ. ನಿಂತ್ಕತೀನಿ ಅಷ್ಟೆ."

"ಗೆರೆ ಹಿಡಿಯೋದು ಅಂದ್ರೆ ಮುದ್ದೆ ನುಂಗೋದಲ್ಲ. ಸುಮ್ನೆ ಉಣ್ಣು."

ಅಷ್ಟೇ ಮಾತು. ಚಿಕ್ಕಪ್ಪ ಎದ್ದು ಕೈ ತೊಳೆದ. ಆ ವಾರದಲ್ಲೇ ಪಾಲಾಯಿತು. ನಡುಮನೆಯಲ್ಲಿ ಮಣ್ಣಿನ ಗೋಡೆ ಎದ್ದಿತು, ಒಲೆ ಎರಡಾದವು. ಪಾತ್ರೆ ಹಂಚಿದರು, ಕುರಿ ಹಂಚಿದರು. ಅಜ್ಜಿ ಬೆಳಿಗ್ಗೆ ನಮ್ಮ ಕಡೆ, ರಾತ್ರಿ ಚಿಕ್ಕಪ್ಪನ ಕಡೆ ಉಣ್ಣೋದು ಅಂತಾಯಿತು. ಗರಗಸ ಹಂಚೋಕೆ ಆಗಲಿಲ್ಲ. ಪಾಲು ಮಾಡೋಕೆ ಬಂದಿದ್ದ ಹಿರಿಯರೊಬ್ಬರು, ಗರಗಸ ಇಬ್ಬರದೂ, ದುಡಿಮೆನೂ ಇಬ್ಬರದೂ, ಈವರೆಗೆ ಯಾರ್ಯಾರು ಯಾವ್ಯಾವ ಹಲ್ಲು ಅರೀತಿದ್ರೋ ಇನ್ನು ಮುಂದೂ ಅವರವರ ಹಲ್ಲು ಅವರವರೇ ಅರ್ಕೊಳಿ ಅಂದರು. ಅವರು ನಗುನಗುತ್ತಾ ಹೇಳಿದ ಮಾತು. ನಮ್ಮನೆ ಗಂಡಸರು ಅದನ್ನ ಕೋರ್ಟಿನ ತೀರ್ಪು ಅಂದುಕೊಂಡರು.

ಆಮೇಲೆ ಅವರಿಬ್ಬರೂ ಕೆಲಸಕ್ಕೆ ಜೊತೆಯಲ್ಲೇ ಹೋಗೋರು, ಮಾತಿಲ್ಲ. ದಿಮ್ಮಿ ಮೇಲೆ ಒಬ್ಬ, ಕೆಳಗೊಬ್ಬ, ನಡುವೆ ಗರಗಸ ಒಂದೇ ಮಾತಾಡೋದು. ಏನಾದರೂ ಹೇಳಬೇಕಾದರೆ ಬುತ್ತಿ ತಂದ ನನಗೆ ಹೇಳೋರು. "ಗಂಗೀ, ಬೆಣೆ ಹೊಡೀಬೇಕು ಅಂತ ಹೇಳು." ಎರಡು ಮಾರು ದೂರದಲ್ಲಿರೋ ಮನುಷ್ಯನಿಗೆ ನಾನು ತಿರುಗಿ "ಬೆಣೆ ಹೊಡೀಬೇಕಂತೆ" ಅನ್ನಬೇಕು. ಸ್ವಲ್ಪ ದಿನಕ್ಕೆ ಚಿಕ್ಕಪ್ಪ ತನ್ನ ಹಲ್ಲು ಅರೆಯೋದು ಬಿಟ್ಟ. ಅಪ್ಪ ತನ್ನ ಕಡೆ ಕೂತು ತನ್ನ ಬಲದ ಹಲ್ಲನ್ನಷ್ಟೇ ಅರೆದು, ಅರ ಒರೆಸಿ, ಎದ್ದುಬಿಡೋನು. ನಾನು ಕೇಳಿದೆ.

"ಅಪ್ಪ, ಈ ಕಡೇದು?"

"ಅದು ನಂದಲ್ಲ."

ಒಂದು ಕಡೆ ಚೂಪು, ಒಂದು ಕಡೆ ಮೊಂಡಾದ ಗರಗಸ ಚೂಪಿನ ಕಡೆಗೇ ತಿರುಗುತ್ತೆ. ಇದು ಅಪ್ಪನಿಗೆ ಗೊತ್ತಿಲ್ಲದ್ದಲ್ಲ. ಮರ ಕುಯ್ದೇ ಬೆಳೆದ ಮನುಷ್ಯ. ಗೊತ್ತಿದ್ದೂ ಮೇಲೆ ನಿಂತು ತೋಳಿನ ಬಲದಲ್ಲಿ ಗೆರೆಗೆ ಎಳೆದು ತರ್ತೀನಿ ಅಂದುಕೊಂಡ. ಸಿದ್ದಪ್ಪ ಅನ್ನೋರು ಹೊಸ ಮನೆ ಕಟ್ಟಿಸುತ್ತಿದ್ದರು, ಬಾಗಿಲಿಗೆ ಅಂತ ಬೇವಿನ ಮರ ಎರಡು ಕಡಿಸಿ ಹಾಕಿದ್ದರು. ಮೊದಲನೇ ದಿಮ್ಮಿ ಕುಯ್ದಾಗ ಹಲಗೆ ಈ ತುದಿ ಗೇಣು ದಪ್ಪ, ಆ ತುದಿ ಬೆರಳು ದಪ್ಪ ಬಂತು. ಸಿದ್ದಪ್ಪ ಹಲಗೆ ಎತ್ತಿ ನೋಡಿ ಕೆಳಗೆ ಹಾಕಿದರು.

"ಏನಪ್ಪಾ ಇದು, ಬಾಗ್ಲು ಕೇಳಿದ್ರೆ ಜಾರುಬಂಡೆ ಮಾಡಿದ್ದೀರಿ? ಇನ್ನೊಂದು ಮರ ಐತೆ. ಅದೂ ಇಂಗೇ ಆದ್ರೆ ಮದಲೂರಿಂದ ಜನ ಕರುಸ್ತೀನಿ."

ಮದಲೂರಿನವರು ನಮ್ಮ ಸೀಮೆಗೆ ಬಂದು ಮರ ಕುಯ್ಯೋದು ಅಂದರೆ ನಮ್ಮ ಗರಗಸ ಖಾಯಂ ಆಗಿ ಗೂಟಕ್ಕೆ ಏರಿದ ಹಾಗೇ. ಆ ದಿನ ಅಪ್ಪ ಉಣ್ಣಲಿಲ್ಲ. ಎರಡನೇ ಮರ ಕೆಟ್ಟರೆ ಗರಗಸ ಕಬ್ಬಿಣದಂಗಡಿಗೆ ಹಾಕಿ ಕಲ್ಲು ಒಡೆಯೋಕೆ ಹೋಗ್ತೀನಿ ಅಂತ ಗೋಡೆಗೆ ಹೇಳಿದ. ಗೋಡೆಯ ಆ ಕಡೆ ಚಿಕ್ಕಪ್ಪನಿಗೆ ಕೇಳಿಸಲಿ ಅಂತಲೇ ಹೇಳಿದ್ದು. ಮನೆ ಪಾಲಾದಾಗ ಅಳದಿದ್ದ ಅವ್ವ ಆವತ್ತು ಹೆದರಿದಳು. ಗೋಡೆ ಎದ್ದರೂ ಅಣ್ಣತಮ್ಮ ಇಬ್ಬರನ್ನ ದಿನಾ ಒಂದು ಕಡೆ ನಿಲ್ಲಿಸುತ್ತಿದ್ದದ್ದು ಆ ಕಬ್ಬಿಣ ಒಂದೇ. ಅದೂ ಹೋದರೆ ಯಾರಿಗೆ ಯಾರು?

ಮಾರನೇ ದಿನ ಗಂಡಸರಿಬ್ಬರೂ ದಿಮ್ಮಿ ಎತ್ತಿ ಕಟ್ಟೋಕೆ ಹೋಗಿದ್ದರು. ಅದಕ್ಕೆ ಗರಗಸ ಬೇಕಿಲ್ಲ. ಅವ್ವ ಬಾಗಿಲು ಮುಂದೆ ಮಾಡಿ, ಗೋಣಿ ಹಾಸಿ, ನನ್ನನ್ನ ಕರೆದಳು.

"ಏಮೇ, ದಿನಾ ನೋಡ್ತಾ ಕೂತಿರ್ತೀಯಲ್ಲ, ಅರ ಹೆಂಗಿಡೀತಾರೆ ಗೊತ್ತೇನೇ?"

"ಗೊತ್ತು."

"ಮಾಡ್ತೀಯಾ?"

"ಹಲ್ಲು ಉದುರುತ್ತಂತೆ."

"ಉದುರಿದ್ರೆ ಆಯ್ಕಳಾನ. ಪಟ್ಟು, ಹಿಡ್ಕ ಆ ಕಡೆ."

ಇಬ್ಬರೂ ಸೇರಿ ಗರಗಸ ಇಳಿಸಿದೆವು. ತೊಲೆಯ ಸಂದಿಗೆ ಸಿಕ್ಕಿಸಿ ಅವ್ವ ಎರಡೂ ಕೈಲಿ ಅದುಮಿ ಹಿಡಿದಳು. ನಾನು ಚಿಕ್ಕಪ್ಪ ಕೂರೋ ಜಾಗದಲ್ಲಿ ಕೂತು ಅಪ್ಪನ ಮೂರು ಮೂಲೆ ಅರ ಹಿಡಿದೆ. ಮೊದಲ ಹಲ್ಲಿಗೆ ಜಾರಿ ಬೆರಳು ಕುಯ್ಕೊಂಡೆ. ಅವ್ವ ಸೀರೆ ಅಂಚು ಹರಿದು ಕಟ್ಟಿ, ಮುಂದುಕ್ಕೆ ನಡಿ ಅಂದಳು. ಮುಂದಕ್ಕೆ ತಳ್ಳೋವಾಗ ಒತ್ತಬೇಕು, ಹಿಂದಕ್ಕೆ ತರೋವಾಗ ಎತ್ತಬೇಕು. ಕಣ್ಣಲ್ಲಿ ಕಲಿತದ್ದು ಕೈಗೆ ಬರೋಕೆ ಅರ್ಧ ಗರಗಸ ಹಿಡಿಯಿತು. ಅಪ್ಪನ ಹಲ್ಲು ಮುಟ್ಟಲಿಲ್ಲ, ಒಂದು ಬಿಟ್ಟು ಒಂದು ಚಿಕ್ಕಪ್ಪನ ಪಾಲಿನವನ್ನೇ ಅರೆದೆ. ಅಷ್ಟರಲ್ಲಿ ಅಜ್ಜಿ ಬಾಗಿಲು ನೂಕಿಕೊಂಡು ಒಳಗೆ ಬಂತು. ಗರಗಸ ನೋಡಿತು, ನನ್ನ ನೋಡಿತು, ಅವ್ವನನ್ನ ನೋಡಿತು. ಆಮೇಲೆ ತಿರುಗಿ ಬೀದಿ ಕಡೆ ಮುಖ ಮಾಡಿ ಹೊಸ್ತಿಲ ಮೇಲೆ ಕೂತಿತು.

"ನಂಗೆ ಕಣ್ಣು ಸರ್ಯಾಗ್ ಕಾಣಾಕಿಲ್ಲ ಬುಡು" ಅಂದಿತು. ಯಾರೂ ಕೇಳಿರಲಿಲ್ಲ.

ಮಾರನೇ ದಿನ ನಾನು ಬುತ್ತಿ ತಗೊಂಡು ಹೋಗೋ ಹೊತ್ತಿಗೆ ಎರಡನೇ ಮರಕ್ಕೆ ಗರಗಸ ಇಟ್ಟಿದ್ದರು. ದೂರದಿಂದಲೇ ಸದ್ದು ಬೇರೆ ಥರ ಕೇಳಿಸಿತು. ಕರಕರ ಅಂತಿದ್ದದ್ದು ಸರ್ ಸರ್ ಅಂತಿತ್ತು. ಗೆರೆ ಮೇಲೇ ಹೋಗ್ತಿತ್ತು. ನಾನು ಬುತ್ತಿ ಇಳಿಸಿದೆ. ಕೆಳಗಿನಿಂದ ಎಳೆಯೋದು ನಿಂತಿತು. ಚಿಕ್ಕಪ್ಪ ಹೊಟ್ಟು ಮೆತ್ತಿದ ಮುಖ ಎತ್ತಿ, ನನಗಲ್ಲ, ನೇರವಾಗಿ ಮೇಲಕ್ಕೇ ಕೂಗಿದ. ಪಾಲಾದ ಮೇಲೆ ಅವರು ಆಡಿದ ಮೊದಲ ಮಾತು ಅದು.

"ನನ್ನ ಹಲ್ಲಿಗೆ ಯಾಕ್ ಕೈ ಹಾಕ್ದೆ?"

"ಯಾವೋನ್ಲಾ ಹಾಕ್ದೋನು? ನೀನೇ ಅರ್ದು ನಂಗ್ ಕೇಳ್ತೀಯ?"

"ನಾನು ಅರಾನೇ ಮುಟ್ಟಿಲ್ಲ!"

"ನಾನೂ ಮುಟ್ಟಿಲ್ಲ!"

"ನಾನು" ಅಂದೆ.

ಇಬ್ಬರೂ ನನ್ನ ನೋಡಿದರು. ಬೆರಳಿನ ಬಟ್ಟೆ ನೋಡಿದರು. ಅಪ್ಪ ದಿಮ್ಮಿಯಿಂದ ಧುಮುಕಿದ, ಕೈ ಎತ್ತಿದ. ನಾನು ಅಲ್ಲಾಡಲಿಲ್ಲ. ಏಟು ಬೀಳುತ್ತೆ ಅಂದಮೇಲೆ ಓಡಿದರೆ ಎರಡು ಬೀಳುತ್ತೆ.

"ಯಾಕ್ ಮುಟ್ಟಿದೆ?"

"ನೀವಿಬ್ರೂ ಮುಟ್ಟಲಿಲ್ಲ, ಅದಕ್ಕೆ."

ಎತ್ತಿದ ಕೈ ಅಲ್ಲೇ ನಿಂತಿತು. ಚಿಕ್ಕಪ್ಪ ಗರಗಸದ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ. ಒಂದು ಕಡೆ ನಿಲ್ಲಿಸಿ ಬಗ್ಗಿ ನೋಡಿದ. ನಗು ತಡೆಯೋಕೆ ನೋಡಿದ, ಆಗಲಿಲ್ಲ.

"ಇದೇನಮ್ಮಿ ಇದು, ಇಲ್ಲಿಂದ ಇಲ್ಲಿಗೆ ಇಲಿ ಹಲ್ಲು, ಇಲ್ಲಿಂದಾಚೆ ಕತ್ತೆ ಹಲ್ಲು!" ಅಂದ. ಆಮೇಲೆ ನಗು ನಿಂತಿತು. "ಯಾಕೆ ಅರೀಲಿಲ್ಲ ಅಂತ ನಿಮ್ಮಪ್ಪ ಒಂದಿನಾನಾದ್ರೂ ಕೇಳುದ್ನಾ? ನಾನು ಚೂಪು ಮಾಡ್ದಷ್ಟೂ ಹೊಟ್ಟು ಜಾಸ್ತಿ. ಅದೆಲ್ಲಾ ಬೀಳಾದು ನನ್ ಕಣ್ಣಿಗೆ. ನನ್ ಕೈಲೇ ನನ್ ಕಣ್ಣಿಗೆ ಹೊಟ್ಟು ಉಯ್ಕಂಬೇಕಾ?"

ಬೇವಿನ ನೆರಳಿಲ್ಲ, ಬೇವೇ ಕೆಳಗೆ ಬಿದ್ದಿತ್ತು, ಬಿಸಿಲು ನೆತ್ತಿ ಮೇಲಿತ್ತು. ಅಪ್ಪ ಹೆಗಲ ಮೇಲಿನ ಟವಲು ತೆಗೆದು ತಲೆಗೆ ಸುತ್ತಿದ. ಚಿಕ್ಕಪ್ಪನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಅವನು ಕೂತು ಕೂತು ಗುಳಿ ಬಿದ್ದಿದ್ದ ಜಾಗದಲ್ಲಿ ಕೂತ.

"ಹತ್ತು."

"ಅಣ್ಣ…"

"ಹತ್ತಲಾ ಮೇಲೆ."

ಚಿಕ್ಕಪ್ಪ ಹತ್ತಿದ. ದಿಮ್ಮಿ ಮೇಲೆ ನಿಂತು ಒಂದು ಸಲ ಕೆಳಗೆ ಬಗ್ಗಿ ನೋಡಿದ. ಅಷ್ಟು ವರ್ಷ ಮರ ಕುಯ್ದ ಮನುಷ್ಯನಿಗೆ ದಿಮ್ಮಿ ಮೇಲಿಂದ ನೆಲ ಹೆಂಗೆ ಕಾಣುತ್ತೆ ಅಂತ ಗೊತ್ತಿರಲಿಲ್ಲ. ಗರಗಸ ಮತ್ತೆ ಶುರುವಾಯಿತು. ಅಪ್ಪ ಹೇಳಿದ್ದು ಸುಳ್ಳಲ್ಲ, ಗೆರೆ ಹಿಡಿಯೋದು ಮುದ್ದೆ ನುಂಗೋದಲ್ಲ. ಆ ಹಲಗೆ ಅಲ್ಲಲ್ಲಿ ಹಾವು ಹರಿದ ಹಾಗೆ ಬಂತು. ಆದರೆ ಈ ತುದಿಗೂ ಆ ತುದಿಗೂ ಒಂದೇ ದಪ್ಪ ಇತ್ತು. ಸಿದ್ದಪ್ಪ ಗೊಣಗಿಕೊಂಡೇ ಅದನ್ನ ಅಡುಗೆಮನೆ ಬಾಗಿಲಿಗೆ ಹಾಕಿಸಿಕೊಂಡರು. ಮಿಕ್ಕ ಹಲಗೆ ನೆಟ್ಟಗೆ ಬಂದವು. ಮದಲೂರಿನವರಿಗೆ ಹೇಳಿ ಕಳಿಸಲಿಲ್ಲ.

ಅವತ್ತು ಸಂಜೆ ಅಪ್ಪ ಮನೆಗೆ ಬಂದಾಗ ಗುರುತು ಸಿಗದ ಹಾಗಿದ್ದ. ರೆಪ್ಪೆ, ಮೀಸೆ, ಕಿವಿ ಎಲ್ಲ ಹೊಟ್ಟು. ಕಣ್ಣು ಕೆಂಡ. ಮೊದಲ ಹೊಟ್ಟು ಟವಲಿನಲ್ಲಿ ಕಟ್ಟಿ ತರೋ ಪದ್ಧತಿ ಮರೆತಿದ್ದ, ಟವಲು ತಲೆಯಲ್ಲಿತ್ತಲ್ಲ. ಅವ್ವ ಅವನನ್ನ ಜಗಲಿ ಮೇಲೆ ಕೂರಿಸಿ, ಮುಂದೆ ಮೊರ ಇಟ್ಟು, ತಲೆ ಬಗ್ಗಿಸಿ ಕೂದಲೊಳಗೆ ಬೆರಳಾಡಿಸಿ ಹೊಟ್ಟೆಲ್ಲ ಮೊರಕ್ಕೆ ಉದುರಿಸಿದಳು. ಅಪ್ಪ ಬಗ್ಗಿಸಿದ ತಲೆ ಎತ್ತದೆ ಒಂದು ಮಾತು ಅಂದ.

"ಕೆಳಗೆ ಗಾಳೀನೇ ಆಡಾಕಿಲ್ಲ ಕಣೆ."

ಅವ್ವ ಮೊರದ ಹೊಟ್ಟನ್ನ ಕೈಯಲ್ಲಿ ಎರಡು ಭಾಗ ಮಾಡಿದಳು. ಒಂದು ಭಾಗ ನಮ್ಮ ಒಲೆಗೆ. ಇನ್ನೊಂದನ್ನ ನನ್ನ ಲಂಗದ ಮಡಿಲಿಗೆ ಹಾಕಿ ಗೋಡೆ ಆ ಕಡೆಗೆ ಕಳಿಸಿದಳು. ಚಿಕ್ಕಮ್ಮ ಎಸರಿಡದೆ ಕಾಯ್ತಾ ಕೂತಿದ್ದಳು.

ಮನೆ ಮತ್ತೆ ಒಂದಾಯಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಗೋಡೆ ಹಾಗೇ ಇತ್ತು, ಅಜ್ಜಿ ಸಾಯೋವರೆಗೂ ಎರಡು ಒಲೆಯ ಊಟವನ್ನೇ ಉಂಡಿತು. ಅಪ್ಪ, ಚಿಕ್ಕಪ್ಪ ಮಾತು ಕಮ್ಮಿನೇ ಆಡೋರು. ಆದರೆ ಮೇಲೆ ಕೆಳಗೆ ಒಬ್ಬೊಬ್ಬರು ಒಂದೊಂದು ದಿಮ್ಮಿಗೆ ಬದಲಾಯಿಸಿಕೊಳ್ಳೋರು. ಹಲ್ಲು ಮಾತ್ರ ಅವರವರದ್ದೇ. ಚಿಕ್ಕಪ್ಪ ತನ್ನ ಹಲ್ಲಿನಲ್ಲಿ ಹಿಡಿ ಹತ್ತಿರದವು ನನಗೆ ಬಿಟ್ಟುಕೊಟ್ಟ, ಅರ ಹಿಡಿಯೋದು ಸರಿಯಾಗಿ ಹೇಳಿಕೊಟ್ಟ. ತಪ್ಪಿದರೆ ಬೈಯೋನು, ತಪ್ಪದಿದ್ದರೆ ಸುಮ್ಮನಿರೋನು. ನನಗೆ ಸುಮ್ಮನಿರೋದೇ ಹೊಗಳಿಕೆ ಅಂತ ಅಭ್ಯಾಸವಾಗಿದ್ದು ಅಲ್ಲಿಂದ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಕುಡುಗೋಲು, ಈಳಿಗೆಮಣೆ, ಕೊಡಲಿ ಯಾವುದನ್ನೂ ನಾನು ಸಾಣೆಯವನಿಗೆ ಕೊಟ್ಟವಳಲ್ಲ. ಮುಂದೆ ಮಧುಗಿರಿಯಲ್ಲಿ ಮರದ ಮಿಲ್ಲು ಬಂತು, ಗರಗಸ ಗೂಟಕ್ಕೇರಿತು. ಅಪ್ಪ ಹೋದ. ಚಿಕ್ಕಪ್ಪ ಮೆಷಿನ್ನು ತಂದ. ಅದನ್ನ ಹಿಡಿದು ನನ್ನ ಮುಂದೆ ನಿಂತು, "ನೋಡ್ ಗಂಗೀ, ಇದಕ್ಕೆ ಕೆಳಗೆ ಯಾರೂ ಕೂರಂಗಿಲ್ಲ" ಅಂದಿದ್ದ.

ಚೈನು ತೊಡೆ ಮೇಲೆ ಇಟ್ಟುಕೊಂಡೇ ರಂಗನನ್ನ ಕೇಳಿದೆ.

"ನಿಮ್ಮಪ್ಪ ಕೊನೆಕೊನೆಗೆ ಒಂದೇ ಕಡೆ ಅರೀತಿದ್ನೇನ್ಲಾ?"

"ಊಂ ಕಣಕ್ಕ. ಬುದ್ಧಿ ಸರ್ಯಾಗಿರಲಿಲ್ಲ. ಹೊರಗೆ ಕೂತು ಈ ಎಡದ್ದನ್ನೇ ಉಜ್ಜಿದ್ದೇ ಉಜ್ಜಿದ್ದು. ಆ ಕಡೇದು ನಾನು ಅರೀತೀನಿ ಕೊಡಪ್ಪ ಅಂದ್ರೆ ಹೊಡಿಯಾಕೆ ಬರಾದು. ಅದು ಅಣ್ಣಂದು, ಅಣ್ಣ ಬಂದು ಅರ್ಕಂತಾನೆ ಬುಡು ಅನ್ನಾದು. ಆಮ್ಯಾಲೆ ಒಂದಿನ, ಅವನು ಬರ್ದಿದ್ರೆ ಗಂಗಿಗೆ ಕೊಡು ಅಂತು."

ಅಪ್ಪ ಸತ್ತು ಎಷ್ಟು ಕಾಲವಾಯಿತು, ರಂಗ ಆಗ ಹುಟ್ಟೇ ಇರಲಿಲ್ಲ. ನಾನು ರಂಗನನ್ನ ಅಂಗಡಿಗೆ ಕಳಿಸಿ ದುಂಡು ಅರ ತರಿಸಿದೆ. ಈ ಚೈನಿಗೆ ಮೂರು ಮೂಲೆ ಅರ ನಡೆಯಲ್ಲ. ಬೆಂಚಿಗೆ ಮೆಷಿನ್ನು ಕಟ್ಟಿಸಿ, ಚೈನು ಹಾಕಿಸಿ, ಕನ್ನಡಕ ಹಾಕಿಕೊಂಡು ಕೂತೆ. ಎಡದವನ್ನ ಮುಟ್ಟಲಿಲ್ಲ. ಅವು ಚಿಕ್ಕಪ್ಪ ಬಿಟ್ಟು ಹೋದ ಹಾಗೇ ಚೆನ್ನಾಗಿದ್ದವು. ಅಪ್ಪನ ಪಾಲಿನ ಬಲದ ಹಲ್ಲುಗಳಿಗೆ ನನ್ನ ಆಯುಸ್ಸಿನಲ್ಲೇ ಮೊದಲ ಸಲ ಅರ ಹಾಕಿದೆ. ಮುಂದಕ್ಕೆ ತಳ್ಳೋವಾಗ ಒತ್ತಿ, ಹಿಂದಕ್ಕೆ ತರೋವಾಗ ಎತ್ತಿ. ಎಡದವು ಸವೆದು ಎಷ್ಟು ಚಿಕ್ಕವಾಗಿದ್ದವೋ ಇವನ್ನೂ ಅಷ್ಟಕ್ಕೇ ತಂದೆ. ನಡುವೆ ನಿಲ್ಲಿಸಿ, ನೀರು ಕುಡಿದು, ಮತ್ತೆ ಹಿಡಿದೆ.

ಹಿತ್ತಲಲ್ಲಿ ಗಾಳಿಗೆ ಬಿದ್ದ ಹೊಂಗೆ ಕೊಂಬೆ ಇತ್ತು. ರಂಗ ಮೆಷಿನ್ನು ಓಡಿಸಿ ಅದರ ಮೇಲೆ ಇಟ್ಟ. ಓರೆ ಹೋಗಲಿಲ್ಲ. ಬೆಣ್ಣೆಗೆ ದಾರ ಎಳೆದ ಹಾಗೆ ನೆಟ್ಟಗೆ ಕೆಳಗಿಳಿಯಿತು. ರಂಗ ಮೆಷಿನ್ನು ನಿಲ್ಲಿಸಿ ತುಂಡು ನೋಡಿದ, ನನ್ನ ನೋಡಿದ, ಸುಮ್ಮನಿದ್ದ. ನಾನು ಮೊರ ತಂದು ಬಿದ್ದಿದ್ದ ಹೊಟ್ಟು ಬಳಿದುಕೊಂಡೆ.

"ಅಕ್ಕ, ಅದು ಎಣ್ಣೆ ನಾತ ಹೊಡೀತೈತೆ. ಏನ್ ಮಾಡ್ತೀಯ ಅದನ್ನ?"

ಅಡುಗೆಗೆ ಈಗ ಗ್ಯಾಸು. ಒಲೆ ಅಂತ ಇರೋದು ಬಚ್ಚಲುಮನೆಯಲ್ಲಿ, ನೀರು ಕಾಯಿಸೋಕೆ. ಹೊಟ್ಟನ್ನ ಎರಡು ಭಾಗ ಮಾಡಿದೆ. ಒಂದನ್ನ ರಂಗನ ಟವಲಿನಲ್ಲಿ ಕಟ್ಟಿ, ನಿಮ್ಮನೆ ಒಲೆಗೆ ಹಾಕ್ಸು ಅಂದೆ. ಇನ್ನೊಂದನ್ನ ಬಚ್ಚಲೊಲೆಗೆ ಸುರಿದು ಕಡ್ಡಿ ಗೀರಿದೆ. ಹೊಗೆ ಎದ್ದಿತು, ಎಣ್ಣೆ ನಾತ ಮನೆಯೆಲ್ಲ ಹಿಡಿಯಿತು. ನೀರು ಕಾದಿತು. ಕೈ ತುಂಬ ಕಬ್ಬಿಣದ ಪುಡಿ ಇತ್ತು, ಸ್ನಾನ ಮಾಡಿದೆ.